ಸ್ತನ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ: 'ಸಮಾನ' ಎಂಬ ಮಾತಿನ ವಿಮರ್ಶೆ

ಎರಡು ಚಿಕಿತ್ಸಾಕ್ರಮಗಳು ಸಮಾನವೆಂದು ವೈದ್ಯಕೀಯ ಪತ್ರಿಕೆಗಳು ಸಾರಿದಾಗ ಆ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಚರಿತ್ರಕಾರನು ಒಂದು ದಾಖಲೆಯನ್ನು ಪ್ರಮಾಣವೆಂದು ಅಂಗೀಕರಿಸುವ ಮುನ್ನ ಅದು ಯಾವಾಗ, ಯಾರಿಂದ, ಯಾವ ಅಳತೆಗೋಲನ್ನು ಮುಂದಿಟ್ಟುಕೊಂಡು ರಚಿತವಾಯಿತೆಂದು ವಿಚಾರಿಸುತ್ತಾನೆ. ಪ್ರಾರಂಭಾವಸ್ಥೆಯ ಸ್ತನ ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆಯ ವಿಧಾನಗಳನ್ನು ಹೋಲಿಸಿರುವ ಪ್ರಯೋಗಗಳಿಗೂ ಇದೇ ಪ್ರಶ್ನೆಗಳು ಸಲ್ಲುತ್ತವೆ.

ಈ ವಾದದ ಪೂರ್ವೇತಿಹಾಸ ಸಂಕ್ಷೇಪವಾಗಿ ಹೀಗಿದೆ. ಅಮೆರಿಕದ ಹಾಲ್‌ಸ್ಟೆಡ್ ೧೮೯೪ರಲ್ಲಿ ಪ್ರಕಟಿಸಿದ ಸಮೂಲ ಶಸ್ತ್ರಕ್ರಿಯೆ, ಸ್ತನವನ್ನೂ ಎದೆಯ ಸ್ನಾಯುಗಳನ್ನೂ ಕತ್ತರಿಸಿ ತೆಗೆಯುವ ವಿಧಾನ, ಮುಕ್ಕಾಲು ಶತಮಾನದವರೆಗೆ ವೈದ್ಯಲೋಕವನ್ನು ಆಳಿತು. ಲಂಡನ್ನಿನ ಜೆಫ್ರಿ ಕೀನ್ಸ್ ೧೯೨೦ರ ದಶಕದಲ್ಲಿಯೇ ರೇಡಿಯಂ ಸೂಜಿಗಳಿಂದ ಸ್ತನವನ್ನು ಉಳಿಸಲು ಯತ್ನಿಸಿ ೧೯೩೭ರಲ್ಲಿ ತನ್ನ ಫಲಿತಾಂಶಗಳನ್ನು ಮುಂದಿಟ್ಟನು. ಆದರೆ ಅವನ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿರಲಿಲ್ಲ. ಆದಕಾರಣ ಅವನ ಸಾಕ್ಷ್ಯಕ್ಕೆ ಮನ್ನಣೆ ದೊರೆಯಲಿಲ್ಲ. ಅಂಥ ವಿಂಗಡಣೆಯಿಂದ ಮಿಲಾನಿನ ವೆರೊನೆಸಿ, ಅಮೆರಿಕದ ಫಿಷರ್ ಇವರು ೧೯೭೦ರ ದಶಕದಲ್ಲಿ ಪ್ರಾರಂಭಿಸಿದ ಪ್ರಯೋಗಗಳೇ ವಾದವನ್ನು ತೀರ್ಮಾನಿಸಿದುವು. ೨೦೦೨ರಲ್ಲಿ ಪ್ರಕಟವಾದ ಫಿಷರನ ಇಪ್ಪತ್ತು ವರ್ಷದ ವರದಿಯಲ್ಲಿ, ಗಂತಿಯನ್ನಷ್ಟೇ ತೆಗೆದ ಸ್ತನದಲ್ಲಿ ರೋಗವು ಶೇಕಡ ೩೯.೨ರಷ್ಟು ಮರುಕಳಿಸಿದರೆ, ವಿಕಿರಣವನ್ನೂ ಪಡೆದವರಲ್ಲಿ ಶೇಕಡ ೧೪.೩ರಷ್ಟು ಮಾತ್ರ ಮರುಕಳಿಸಿತು. ಬದುಕುಳಿದವರ ಪ್ರಮಾಣದಲ್ಲಿ ಗಣ್ಯವಾದ ವ್ಯತ್ಯಾಸವಿರಲಿಲ್ಲ.

ಸ್ತನ ಉಳಿಯಿತು, ಆದರೆ ಐದಾರು ವಾರ ಪ್ರತಿದಿನವೂ ಆಸ್ಪತ್ರೆಗೆ ಹೋಗಬೇಕಾಯಿತು. ಯಂತ್ರವಿರುವ ನಗರದಿಂದ ದೂರದಲ್ಲಿರುವ ಹೆಂಗಸಿಗೆ ಇದು ಅಲ್ಪವಾದ ಭಾರವಲ್ಲ. ಈ ಭಾರವನ್ನು ಇಳಿಸುವ ಸದುದ್ದೇಶದಿಂದಲೇ ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಒಂದೇ ಬಾರಿ ವಿಕಿರಣವನ್ನು ಕೊಟ್ಟು ಮುಗಿಸುವ ವಿಧಾನಗಳು ಹುಟ್ಟಿದುವು. ಇವುಗಳ ಪೈಕಿ ಮಿಲಾನಿನ 'ಎಲಿಯಟ್' ಪ್ರಯೋಗ ೧೩೦೫ ಸ್ತ್ರೀಯರನ್ನೂ, ಹನ್ನೊಂದು ದೇಶಗಳ 'ಟಾರ್ಗಿಟ್-ಎ' ಪ್ರಯೋಗ ೩೪೫೧ ಸ್ತ್ರೀಯರನ್ನೂ ಒಳಗೊಂಡಿದ್ದುವು. ಎರಡೂ ೨೦೦೦ದಲ್ಲಿ ಪ್ರಾರಂಭವಾದುವು.

ಎಲಿಯಟ್ ಪ್ರಯೋಗದ ೨೦೧೩ರ ವರದಿಯ ಪ್ರಕಾರ, ಐದು ವರ್ಷಗಳಲ್ಲಿ ಮರುಕಳಿಕೆಯು ಹೊಸ ವಿಧಾನದಲ್ಲಿ ಶೇಕಡ ೪.೪, ಹಳೆಯದರಲ್ಲಿ ಶೇಕಡ ೦.೪. ಹತ್ತು ಪಾಲಿಗೂ ಮಿಕ್ಕ ಈ ಅಂತರವು ಪೂರ್ವನಿಶ್ಚಿತವಾದ ಸಮಾನತೆಯ ಮೇರೆಯೊಳಗೇ ಇದ್ದಿತು! ಹೊಸ ಗುಂಪಿನ ಮರುಕಳಿಕೆ ಶೇಕಡ ೭.೫ನ್ನು ಮೀರದಿದ್ದರೆ ಸಾಕೆಂಬುದೇ ಆ ಮೇರೆ. ೨೦೨೧ರ ವರದಿಯಲ್ಲಿ ಹದಿನೈದು ವರ್ಷದ ಅಂಕಗಳು ಕ್ರಮವಾಗಿ ಶೇಕಡ ೧೨.೬ ಮತ್ತು ೨.೪ಕ್ಕೆ ಏರಿದುವು. ವರದಿಗಾರರು ಅಂತರವನ್ನು ಮರೆಮಾಚಲಿಲ್ಲವೆಂಬುದನ್ನೂ, ಒಟ್ಟು ಬದುಕುಳಿಯುವಿಕೆಯಲ್ಲಿ ಭೇದ ಕಾಣಲಿಲ್ಲವೆಂಬುದನ್ನೂ ನಾವು ಇಲ್ಲಿ ಹೇಳಲೇಬೇಕು.

ಟಾರ್ಗಿಟ್ ಪ್ರಯೋಗದ ಮೇರೆ ಬೇರೆ: ಎರಡು ಗುಂಪುಗಳ ಅಂತರ ಶೇಕಡ ೨.೫ನ್ನು ಮೀರಬಾರದು. ಎರಡೂ ಗುಂಪುಗಳು ಸೇರಿ ೨೨೯೮ ಮಂದಿಯ ಬಗೆಗೆ ೨೦೨೦ರಲ್ಲಿ ಬಂದ ವರದಿಯಲ್ಲಿ ಐದು ವರ್ಷದ ಮರುಕಳಿಕೆ ಗಂತಿ ತೆಗೆಯುವಾಗಲೇ ಚಿಕಿತ್ಸೆ ಕೊಡುವ ಗುಂಪಿನಲ್ಲಿ ಶೇಕಡ ೨.೧೧, ಇತರರಲ್ಲಿ ೦.೯೫. ಇದು ಮೇರೆಯೊಳಗಿನ ಫಲ. ಗಾಯ ಮಾಗಿದ ಮೇಲೆ ಅದನ್ನು ಮತ್ತೆ ತೆರೆದು ಚಿಕಿತ್ಸೆ ಮಾಡಿದವರಲ್ಲಿ ಮರುಕಳಿಕೆ ಹೆಚ್ಚು. ಅಲ್ಲದೆ ಅಪಾಯದ ಲಕ್ಷಣಗಳು ಕಂಡವರಿಗೆ ಹೊರಗಿನ ವಿಕಿರಣವನ್ನೂ ಸೇರಿಸಲಾಗಿತ್ತು. ಹಾಗಾಗಿ ಇಲ್ಲಿ ಪರೀಕ್ಷೆಗೊಳಗಾದುದು ಕೇವಲ ಒಂದು ಯಂತ್ರವಲ್ಲ, ಒಂದು ನಿರ್ಣಯಕ್ರಮ. ಎರಡು ಪ್ರಯೋಗಗಳನ್ನೂ 'ಒಂದೇ ಬಾರಿಯ ಚಿಕಿತ್ಸೆ' ಎಂಬ ಒಂದೇ ತಲೆಬರಹದಡಿ ಸೇರಿಸಿ ಹೊಗಳುವುದಾಗಲಿ ತೆಗಳುವುದಾಗಲಿ ಅಯುಕ್ತವೆಂದು ನಮ್ಮ ಮತ.

ಇನ್ನೊಂದು ಮಾರ್ಗವು ಯಂತ್ರವನ್ನು ಬದಲಿಸದೆ ದಿನಗಳನ್ನಷ್ಟೇ ಕಡಿಮೆ ಮಾಡಿತು. ಬ್ರಿಟನ್ನಿನ 'ಫಾಸ್ಟ್-ಫಾರ್ವರ್ಡ್' ಪ್ರಯೋಗವು ೪೦೯೬ ರೋಗಿಗಳಲ್ಲಿ, ಮೂರು ವಾರಗಳಲ್ಲಿ ೧೫ ಬಾರಿ ಕೊಡುವ ೪೦ ಗ್ರೇ ಪ್ರಮಾಣವನ್ನು ಒಂದೇ ವಾರದಲ್ಲಿ ಐದು ಬಾರಿ ಕೊಡುವ ಕ್ರಮದೊಡನೆ ಹೋಲಿಸಿತು. ಅಲ್ಲಿ ಒಪ್ಪಿದ ಹೆಚ್ಚುವರಿ ಮರುಕಳಿಕೆ ಶೇಕಡ ೧.೬ ಮಾತ್ರ. ೨೦೨೦ರ ವರದಿಯಲ್ಲಿ ಐದು ವರ್ಷದ ಮರುಕಳಿಕೆ ಹಳೆಯ ಕ್ರಮದಲ್ಲಿ ಶೇಕಡ ೨.೧, ಐದು ದಿನಗಳ ೨೬ ಗ್ರೇ ಕ್ರಮದಲ್ಲಿ ೧.೪. ಕಠಿನತರವಾದ ಅಳತೆಗೋಲಿನಲ್ಲಿ ತೇರ್ಗಡೆಯಾದ ಈ ಸಾಕ್ಷ್ಯವೇ ನಮಗೆ ಬಲವತ್ತರವಾಗಿ ತೋರುತ್ತದೆ. ಒಂದು ದಿನದ ಚಿಕಿತ್ಸೆಯಷ್ಟು ಸುಲಭವಲ್ಲದಿದ್ದರೂ ದೂರದ ಊರಿನವರಿಗೆ ಒಂದು ವಾರವು ಐದು ವಾರಕ್ಕಿಂತ ಎಷ್ಟೋ ಲೇಸು.

ಇಲ್ಲಿ 'ಸಮಾನ'ವೆಂಬುದಕ್ಕೆ ಮೂರು ಪ್ರಯೋಗಗಳು ಮೂರು ಅರ್ಥಗಳನ್ನು ಕೊಟ್ಟಿವೆ. ಮೇರೆಯನ್ನು ಪ್ರಯೋಗಕ್ಕೆ ಮುಂಚೆಯೇ ಗೊತ್ತುಮಾಡುವುದು ಪ್ರಾಮಾಣಿಕತೆಯ ಲಕ್ಷಣ, ನಿಜ. ಆದರೆ ಆ ಮೇರೆ ನ್ಯಾಯವಾದುದೇ ಎಂಬುದನ್ನು ಅದು ತೋರಿಸಿಕೊಡಲಾರದು. ಎಷ್ಟು ದಿನಗಳ ಉಳಿತಾಯಕ್ಕೆ ಎಷ್ಟು ಅಪಾಯವನ್ನು ಸಹಿಸಬಹುದೆಂಬುದು ಗಣಿತದ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಹೇಳುವ ಅಧಿಕಾರ ಆ ಅಪಾಯವನ್ನು ಹೊರುವವಳಿಗೆ ಸೇರಿದುದು. ಆದ್ದರಿಂದ ಅವಳ ಮುಂದೆ ಇಡಬೇಕಾದುದು 'ಸಮಾನ'ವೆಂಬ ತೀರ್ಪನ್ನಲ್ಲ, ಎರಡು ಅಂಕಿಗಳನ್ನೂ ಅವುಗಳ ನಡುವಣ ಅಂತರವನ್ನೂ.