ಸರ್ಪಸುತ್ತು: ಒಂದು ನಾಮವಿಚಾರ

ಸರ್ಪಸುತ್ತೆಂಬ ರೋಗನಾಮವನ್ನು ಕುರಿತು ವಿದ್ವಾಂಸರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಅದು ಕೇವಲ ಮೂಢಕಲ್ಪನೆಯೆಂದು ಕೆಲವರು ತಳ್ಳಿಬಿಡುವರು. ಪೂರ್ವಿಕರಿಗೆ ಸಕಲವೂ ತಿಳಿದಿದ್ದಿತೆಂಬುದಕ್ಕೆ ಅದನ್ನೇ ಪ್ರಮಾಣವಾಗಿ ಒಡ್ಡುವರು ಮತ್ತೆ ಕೆಲವರು. ಎರಡೂ ಅವಿಚಾರದ ಮಾತುಗಳು.

ವೈದ್ಯರು ಇದನ್ನು ಹರ್ಪಿಸ್ ಜೋಸ್ಟರ್ ಎನ್ನುವರು. ಸಂಸ್ಕೃತದ ‘ಸಪ್ತ’ಕ್ಕೆ ಗ್ರೀಕಿನಲ್ಲಿ ‘ಹೆಪ್ತ’ ಸಂವಾದಿಯಾಗಿರುವಂತೆ ನಮ್ಮ ಸೃಪ್ ಧಾತುವಿಗೆ ಅಲ್ಲಿ ‘ಹೆರ್ಪ್’ ಸಂವಾದಿ, ತೆವಳುವುದೆಂದು ಅರ್ಥ. ಜೋಸ್ಟರ್ ಎಂದರೆ ನಡುಕಟ್ಟು. ಆದುದರಿಂದ ಹರ್ಪಿಸ್ ಜೋಸ್ಟರೆಂಬುದು ಹೆಚ್ಚುಕಡಿಮೆ ಪದಕ್ಕೆ ಪದ ಸರ್ಪಸುತ್ತೇ. ಇಷ್ಟರಿಂದ ಒಬ್ಬರು ಇನ್ನೊಬ್ಬರಿಂದ ಕಡ ತಂದರೆಂದು ಸಿದ್ಧವಾಗದು. ಬೆನ್ನಿನಿಂದ ಹೊರಟು ಸೊಂಟದ ಒಂದು ಮಗ್ಗುಲನ್ನು ಬಳಸುವ ಗುಳ್ಳೆಗಳ ಸಾಲನ್ನು ನೋಡಿ ಇಬ್ಬರೂ ಕಂಡುದನ್ನು ನುಡಿದರು, ಅಷ್ಟೆ. ಚರಕಸಂಹಿತೆಯ ವಿಸರ್ಪವೂ ಇದೇ ಧಾತುವಿನದು. ಆದರೆ ಅಲ್ಲಿನ ಲಕ್ಷಣಗಳೆಲ್ಲವೂ ಇಲ್ಲಿಗೆ ಹೊಂದುವುದಿಲ್ಲ. ಧಾತುಸಾಮ್ಯದಿಂದ ರೋಗಸಾಮ್ಯವನ್ನು ಹೇಳಹೊರಡುವುದು ವೈಯಾಕರಣನ ಚಾಪಲ್ಯವೇ ಸರಿ.

ನಮ್ಮ ಧನಗೆರೆಯಿರುವ ಕೊಳ್ಳೇಗಾಲದ ಸೀಮೆಯು ೧೯೫೬ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ತಮಿಳರು ಈ ರೋಗವನ್ನು ‘ಅಕ್ಕಿ’ ಎನ್ನುವರು. ಕನ್ನಡಿಗನ ಕಿವಿಗೆ ಇದು ನಗೆಯ ಮಾತು. ಅಗ್ನಿಶಬ್ದದ ತದ್ಭವವೆಂದು ತೋರುತ್ತದೆ. ಕನ್ನಡವು ಆಕಾರವನ್ನು ಹಿಡಿಯಿತು, ತಮಿಳು ಉರಿಯನ್ನು ಹಿಡಿಯಿತು. ಕಾರಣವನ್ನು ಎರಡು ಭಾಷೆಗಳೂ ಮುಟ್ಟಲಿಲ್ಲ.

ಕಾರಣವು ತಿಳಿದುದು ಬಹಳ ಈಚೆಗೆ. ಸರ್ಪಸುತ್ತಿನವರ ಮನೆಯಲ್ಲಿ ಮಕ್ಕಳಿಗೆ ಸೀತಾಳೆಸಿಡುಬು ತಗಲುವುದನ್ನು ೧೯ನೆಯ ಶತಮಾನದ ಕೊನೆಗೆ ಬುಡಾಪೆಸ್ಟಿನ ಬೋಕಾಯ್ ಎಂಬ ವೈದ್ಯನು ಗಮನಿಸಿದನು. ೧೯೫೦ರ ದಶಕದಲ್ಲಿ ವೆಲ್ಲರನು ಎರಡರ ವಿಷಾಣುವೂ ಒಂದೇ ಎಂದು ತೋರಿಸಿದನು. ೧೯೮೪ರಲ್ಲಿ ಸ್ಟ್ರಾಸ್ ಮೊದಲಾದವರು ಒಬ್ಬನೇ ರೋಗಿಯ ಸೀತಾಳೆಯಿಂದಲೂ ಅನಂತರದ ಸರ್ಪಸುತ್ತಿನಿಂದಲೂ ವಿಷಾಣುವನ್ನು ತೆಗೆದು, ಅವುಗಳ ಡಿಎನ್‌ಎಯನ್ನು ತುಂಡರಿಸಿ ಹೋಲಿಸಿದರು, ತುಂಡುಗಳು ತಾಳೆಯಾದುವು. ೧೯೮೬ರಲ್ಲಿ ಡೇವಿಸನ್ ಮತ್ತು ಸ್ಕಾಟ್ ಎಂಬುವರು ಅದರ ಪೂರ್ಣಪಾಠವನ್ನೇ ಪ್ರಕಟಿಸಿದರು. ಸುಮಾರು ೧,೨೫,೦೦೦ ಅಕ್ಷರಜೋಡಿ, ಸುಮಾರು ೭೦ ವಂಶವಾಹಿಗಳು. ಮನುಷ್ಯನಿಗೆ ತಗಲುವ ಒಂಬತ್ತು ಹರ್ಪಿಸ್ ವಿಷಾಣುಗಳಲ್ಲಿ ಇದೇ ಅತಿ ಚಿಕ್ಕ ಗ್ರಂಥ. ಸೈಟೊಮೆಗಲೊ ವಿಷಾಣುವಿನದು ಇದರ ಇಮ್ಮಡಿಗೆ ಸಮೀಪ. ಈ ಪಾಠದ ಒಂದು ಕಿರುಭಾಗದ ಎರಡು ಕೊನೆಗಳಲ್ಲಿ ಒಂದೇ ಅಕ್ಷರಮಾಲೆಯು ತಿರುವುಮುರುವಾಗಿ ನಿಂತಿದೆ. ನಡುವಣ ಭಾಗವು ಕೆಲವು ಪ್ರತಿಗಳಲ್ಲಿ ಅನುಲೋಮವಾಗಿಯೂ ಕೆಲವದರಲ್ಲಿ ವಿಲೋಮವಾಗಿಯೂ ದೊರೆಯುತ್ತದೆ. ಓಲೆಗರಿಗಳ ಪಾಠಾಂತರಗಳೊಡನೆ ಹೆಣಗಿದವರಿಗೆ ಇದು ಹೊಸದಾಗಿ ತೋರದು.

ಇಲ್ಲಿಯೇ ನಮ್ಮ ಹೆಸರುಗಳ ದೋಷವು ಹೊರಪಡುತ್ತದೆ. ಒಂದೇ ಗ್ರಂಥಕ್ಕೆ ಲೋಕವು ಎರಡು ಶೀರ್ಷಿಕೆಗಳನ್ನಿತ್ತು, ಒಂದನ್ನು ಅಮ್ಮನಿಗೂ ಇನ್ನೊಂದನ್ನು ನಾಗನಿಗೂ ಒಪ್ಪಿಸಿತು. ಬಾಲ್ಯದಲ್ಲಿ ಬಂದ ಸೀತಾಳೆಯು ವಾಸಿಯಾದರೂ ವಿಷಾಣುವು ನರಗ್ರಂಥಿಯಲ್ಲಿ ಅಡಗಿದ್ದು, ದಶಕಗಳ ಮೇಲೆ ಒಂದು ನರವನ್ನು ಹಿಡಿದು ಹೊರಗೆ ಬರುತ್ತದೆ. ಸುತ್ತು ಒಂದೇ ಮಗ್ಗುಲಿಗೆ ನಿಲ್ಲುವುದು ಆ ಕಾರಣದಿಂದಲೇ. ತಲೆಯೂ ಬಾಲವೂ ಕೂಡಿದರೆ ಸಾವೆಂದು ಅಂಜುವ ಜನರು, ಅವು ಕೂಡುವುದು ಎಷ್ಟು ಅಪರೂಪವೆಂಬುದನ್ನು ಅರಿಯರು.

ಪತ್ರಿಕೆಗಳಲ್ಲಿ ಬರೆಯುವ ನಮ್ಮವರು ಇದಕ್ಕೆ ವಿರುದ್ಧವಾದ ತಪ್ಪನ್ನು ಮಾಡುತ್ತಾರೆ. ‘ಹರ್ಪಿಸ್’ ಎಂದಷ್ಟೇ ಬರೆದು, ಗುಹ್ಯರೋಗವನ್ನುಂಟುಮಾಡುವ ಬೇರೆ ವಿಷಾಣುವನ್ನೂ ಇದನ್ನೂ ಒಂದಾಗಿಸಿಬಿಡುವರು. ಇವೆರಡೂ ಒಂದೇ ಕುಲದವು, ಬಹುಪಾಲು ವಂಶವಾಹಿಗಳು ಸಂವಾದಿಗಳು, ದಿಟ. ಆದರೂ ಗ್ರಂಥಗಳು ಬೇರೆ. ಓದಿದ ವೃದ್ಧೆಯೊಬ್ಬಳು ನಾಚಿ ರೋಗವನ್ನು ಮುಚ್ಚಿಡುವಳು. ಓದದವಳು ಕಾವಿಯನ್ನು ಬಳಿದು ನಾಗಪೂಜೆಗೆ ದಿನ ನೋಡುವಳು. ಔಷಧವು ಗುಳ್ಳೆಯೆದ್ದ ಮೂರು ದಿನಗಳೊಳಗೆ ಸಂದರೆ ಫಲ ಹೆಚ್ಚು. ಕಣ್ಣಿನ ಬಳಿ ಎದ್ದುದಾದರೆ ತಡವಾದಲ್ಲಿ ದೃಷ್ಟಿಯೇ ಹೋಗಬಹುದು.

ಇನ್ನು ‘ವೈರಾಣು’ವೆಂಬ ಪದ. ಇಂಗ್ಲಿಷಿನ ಧ್ವನಿಗೆ ವೈರವನ್ನು ಅಂಟಿಸಿದ ಸೃಷ್ಟಿಯಿದು. ಲ್ಯಾಟಿನಿನ ವೈರಸ್ ಶಬ್ದಕ್ಕೂ ನಮ್ಮ ವಿಷಕ್ಕೂ ಮೂಲವೊಂದೇ ಆಗಿರುವಲ್ಲಿ ‘ವಿಷಾಣು’ವೇ ಸಾಧುವಾದುದು. ಸರ್ಪಸುತ್ತನ್ನು ಮಾತ್ರ ಬಿಡಬೇಕಾಗಿಲ್ಲ. ನಿಘಂಟುಕಾರರು ಅದರ ಮುಂದೆ ‘ಒಂದು ಬಗೆಯ ಚರ್ಮರೋಗ’ವೆಂದು ಬರೆದು ಕೈ ತೊಳೆದುಕೊಳ್ಳದೆ, ‘ಹಿಂದೆ ಬಂದಿದ್ದ ಸೀತಾಳೆಯ ವಿಷಾಣುವು ನರದ ಹಾದಿಯಲ್ಲಿ ಮತ್ತೆ ಕೆರಳುವುದು’ ಎಂದು ಬರೆಯತಕ್ಕದ್ದು.