ಮರದಚ್ಚಿನಲ್ಲಿ ಹಿಮ

ಹಿಮವನ್ನು ಕಂಡರಿಯದ ನಾಡಿನವರಿಗೆ ಹಿಮದ ಚಿತ್ರವು ರುಚಿಸಲಾರದೆಂಬುದು ಸುಲಭವಾಗಿ ಆಡುವ ಮಾತು. ಜಪಾನಿನ ಹಿರೋಶಿಗೆಯು 1833-34ರ ಸುಮಾರಿಗೆ ರಚಿಸಿದ ತೊಕೈದೊ ಚಿತ್ರಮಾಲೆಯಲ್ಲಿನ ‘ಕಂಬಾರ: ಇರುಳ ಹಿಮ’ ಎಂಬ ಮರದಚ್ಚಿನ ಚಿತ್ರವು ಈ ಮಾತನ್ನು ಅಲ್ಲಗಳೆಯುತ್ತದೆ. ಕಂಬಾರವು ಕಡಲ ಕರೆಯ ಬೆಚ್ಚನೆಯ ಊರು. ಅಲ್ಲಿ ಅಂತಹ ಹಿಮಪಾತವೇ ವಿರಳ. ಆದುದರಿಂದ ಈ ಚಿತ್ರವನ್ನು ಹವೆಯಿಂದ ಅಳೆಯದೆ ಕೊರೆತದಿಂದ ಅರಿಯುವುದು ಯುಕ್ತ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬಶಾಸನದ ಪಡಿಯಚ್ಚನ್ನು ನೋಡಿದವರಿಗೆ ಇದರ ಮರ್ಮವು ಹೊಸತಲ್ಲ. ಒದ್ದೆಯ ಕಾಗದವನ್ನು ಕಲ್ಲಿಗೊತ್ತಿ ಮಸಿ ತಟ್ಟಿದಾಗ ಮೇಲ್ಮೈ ಕಪ್ಪಾಗುವುದು. ತಗ್ಗಿನ ಅಕ್ಷರವು ಬೆಳ್ಳಗೆ ಉಳಿಯುವುದು. ಕುಬ್ಜಕವಿಯ ಕಾವ್ಯವನ್ನು ಪಡಿಯಚ್ಚಿನಲ್ಲಿ ಓದುವುದು ಈ ಬಿಳುಪಿನಿಂದಲೇ. ಹಿರೋಶಿಗೆಯ ಹಿಮವೂ ಮಸಿ ಮುಟ್ಟದ ಕಾಗದವೇ ಆಗಿದೆ. ಬೂದುಬಾನಿನಲ್ಲಿ ಉದುರುವ ಒಂದೊಂದು ಚುಕ್ಕೆಯೂ ಹಲಗೆಯಿಂದ ಕೊರೆದು ತೆಗೆದುದು. ಸೊರಬದ ಗುಡಿಗಾರನು ಶ್ರೀಗಂಧದಲ್ಲಿ ಉಳಿಸಿದುದು ರೂಪವಾಗುತ್ತದೆ. ಇಲ್ಲಿ ಕೆತ್ತಿ ಕಳೆದುದೇ ಹಿಮವಾಗಿದೆ. (ಕೊರೆದ ಕೈ ಹಿರೋಶಿಗೆಯದಲ್ಲ, ಬೇರೊಬ್ಬ ಕುಶಲಿಯದು, ಇದನ್ನು ವಿಮರ್ಶಕರು ಮರೆಯುವುದುಂಟು.)

ಬೆನ್ನು ಬಾಗಿಸಿ ನಡೆಯುವ ಮೂವರು ದಾರಿಗರಲ್ಲಿ ಮಾತ್ರ ಬಣ್ಣದ ಸುಳಿವಿದೆ. ಬಾನಿನ ಕಪ್ಪು ಕೆಲವು ಪ್ರತಿಗಳಲ್ಲಿ ಮೇಲಂಚಿನಲ್ಲಿಯೂ, ಕೆಲವುಗಳಲ್ಲಿ ಬೆಟ್ಟಗಳ ಮೇಲ್ಗಡೆಯೂ ದಟ್ಟವಾಗಿದೆ. ಎರಡನೆಯ ಬಗೆಯಲ್ಲಿಯೇ ಬೆಟ್ಟಗಳ ಬಿಳುಪು ಹೆಚ್ಚು ಎದ್ದು ಕಾಣುವುದು.