ಪ್ರೇಕ್ಷಕರ ಸಾಲಿನಲ್ಲಿ ಕುಳಿತ ನೋನಾ

2020ರಲ್ಲಿ ಬಂದ ‘ದಿ ಕ್ವೀನ್ಸ್ ಗ್ಯಾಂಬಿಟ್’ ಸರಣಿಯ ಏಳೂ ಕಂತುಗಳನ್ನು ನಾನು ಒಂದೇ ರಾತ್ರಿಯಲ್ಲಿ ನೋಡಿ ಮುಗಿಸಿದ್ದೆ. ಕೊನೆಯ ಕಂತು ನಡೆಯುವುದು 1968ರ ಮಾಸ್ಕೋದಲ್ಲಿ. ಅನಾಥಾಶ್ರಮದಲ್ಲಿ ಬೆಳೆದ ಅಮೆರಿಕದ ಹುಡುಗಿ ಬೆತ್ ಹಾರ್ಮನ್ ಸೋವಿಯತ್ ಘಟಾನುಘಟಿಗಳ ಎದುರು ಚೆಸ್ ಆಡುತ್ತಿರುತ್ತಾಳೆ. ಆಗ ವೀಕ್ಷಕ ವಿವರಣೆ ಕೊಡುವವನು ನೋನಾ ಗಪ್ರಿಂದಾಶ್ವಿಲಿ ಎಂಬ ಹೆಸರನ್ನು ಹೇಳುತ್ತಾನೆ. ಆಕೆ ಮಹಿಳೆಯರ ವಿಶ್ವ ಚಾಂಪಿಯನ್ ಹೌದು, ಗಂಡಸರೆದುರು ಮಾತ್ರ ಎಂದೂ ಆಡಿಲ್ಲ ಎಂಬರ್ಥದ ಒಂದು ಮಾತು. ಅದೇ ಹೊತ್ತಿಗೆ ಕ್ಯಾಮೆರಾ ಪ್ರೇಕ್ಷಕರ ನಡುವೆ ಸುಮ್ಮನೆ ಕುಳಿತ ಹೆಂಗಸೊಬ್ಬಳ ಮೇಲೆ ನಿಂತು ಮುಂದೆ ಹೋಗುತ್ತದೆ. ಆ ಹೆಸರೂ ಬೆತ್‌ಳ ಹೆಸರಿನಂತೆ ಕಟ್ಟಿದ್ದೇ ಇರಬೇಕು ಎಂದುಕೊಂಡು ನಾನೂ ಮುಂದೆ ಹೋದೆ.

ನೋನಾ ಕಟ್ಟಿದ ಹೆಸರಲ್ಲ. 1941ರಲ್ಲಿ ಜಾರ್ಜಿಯಾದ ಜುಗ್ದಿದಿಯಲ್ಲಿ ಹುಟ್ಟಿದವರು. 1962ರಲ್ಲಿ ಮಹಿಳಾ ವಿಶ್ವ ಚಾಂಪಿಯನ್ ಆಗಿ ಹದಿನಾರು ವರ್ಷ ಆ ಪಟ್ಟ ಬಿಟ್ಟುಕೊಡಲಿಲ್ಲ. ಕಥೆ ನಡೆಯುವ 1968ರ ಹೊತ್ತಿಗೆ ಅವರು ಕನಿಷ್ಠ 59 ಗಂಡಸರೆದುರು ಆಡಿದ್ದರು, ಅವರಲ್ಲಿ ಹತ್ತು ಮಂದಿಯಾದರೂ ಗ್ರ್ಯಾಂಡ್‌ಮಾಸ್ಟರ್‌ಗಳು. ಈ ಲೆಕ್ಕ ಅವರೇ 2021ರಲ್ಲಿ ಲಾಸ್ ಏಂಜಲೀಸಿನ ನ್ಯಾಯಾಲಯಕ್ಕೆ ಕೊಟ್ಟ ದೂರಿನಲ್ಲಿದೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಪಂದ್ಯಾವಳಿಯಲ್ಲಿ ಗಂಡಸರ ಜೊತೆ ಆಡಿ ಮೊದಲ ಸ್ಥಾನ ಹಂಚಿಕೊಂಡರು. ಮರುವರ್ಷ ಗ್ರ್ಯಾಂಡ್‌ಮಾಸ್ಟರ್ ಬಿರುದು ಬಂತು. ಅದನ್ನು ಪಡೆದ ಮೊದಲ ಮಹಿಳೆ ಅವರೇ.

ಈ ಬಿರುದಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 1950ರಲ್ಲಿ ಮೊದಲ ಸಲ 27 ಮಂದಿಗೆ ಇದನ್ನು ಕೊಟ್ಟಿತು. ಈಗ ಇದಕ್ಕೆ 2500 ರೇಟಿಂಗ್ ಬೇಕು, ಜೊತೆಗೆ ಬಲವಾದ ಎದುರಾಳಿಗಳಿರುವ ಪಂದ್ಯಾವಳಿಗಳಲ್ಲಿ ಗಳಿಸಿದ ‘ನಾರ್ಮ್’ಗಳು. 1976ರಲ್ಲಿ ‘ಮಹಿಳಾ ಗ್ರ್ಯಾಂಡ್‌ಮಾಸ್ಟರ್’ ಎಂಬ ಬೇರೆ ಬಿರುದೂ ಬಂತು. ಅದಕ್ಕೆ 2300 ಸಾಕು. ಅಂದರೆ ಅದು 2400 ಬೇಕಾದ ಇಂಟರ್‌ನ್ಯಾಷನಲ್ ಮಾಸ್ಟರ್‌ಗಿಂತಲೂ ಕೆಳಗೆ. ನಮ್ಮಲ್ಲಿ ‘ಮಹಿಳಾ ಸಾಹಿತ್ಯ’ ಎಂದು ಬೇರೆ ಕಪಾಟು ಮಾಡುತ್ತೇವಲ್ಲ, ಹಾಗೆ. (ಆ ಬಿರುದಿನಿಂದ ಎಷ್ಟೋ ಹುಡುಗಿಯರಿಗೆ ಆಹ್ವಾನ, ಪ್ರಾಯೋಜಕರು ಸಿಗುತ್ತಾರೆ ಎಂಬುದೂ ನಿಜ. ಕಪಾಟು ಒಡೆದು ಹಾಕಿ ಎನ್ನುವಷ್ಟು ಸುಲಭದ ಮಾತಲ್ಲ.) ನೋನಾ ಅವರ ಬಿರುದಿನ ಹಿಂದೆ ‘ಮಹಿಳಾ’ ಇಲ್ಲ. ಗಂಡಸರೆದುರು ಆಡಿದ್ದಕ್ಕೇ ಬಂದ ಬಿರುದು ಅದು. ಸರಣಿ ಅಳಿಸಿದ್ದು ಸರಿಯಾಗಿ ಅದನ್ನೇ.

ಆಮೇಲೆ ಮೂಲ ಕಾದಂಬರಿಯನ್ನು ಓದಿದೆ. ವಾಲ್ಟರ್ ಟೆವಿಸ್ 1983ರಲ್ಲಿ ಬರೆದದ್ದು. ಇದೇ ಸಂದರ್ಭದಲ್ಲಿ ಅಲ್ಲಿಯೂ ನೋನಾ ಹೆಸರು ಬರುತ್ತದೆ. ಈ ಪಂದ್ಯಾವಳಿಯ ಮಟ್ಟಕ್ಕೆ ಆಕೆ ಏರಿಲ್ಲ, ಆದರೆ ಈ ರಷ್ಯನ್ ಗ್ರ್ಯಾಂಡ್‌ಮಾಸ್ಟರ್‌ಗಳೆದುರು ಎಷ್ಟೋ ಸಲ ಆಡಿದ್ದಾಳೆ ಎನ್ನುತ್ತಾನೆ ಟೆವಿಸ್. ಅಂದರೆ ಸರಣಿಯವರಿಗೆ ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ಎದುರಿಗಿದ್ದ ವಾಕ್ಯವನ್ನು ತಿರುಗಿಸಿಟ್ಟಿದ್ದಾರೆ. ಟೆವಿಸ್‌ನ ಬೆತ್ ಒಂಟಿ; ಅವಳ ಒಂಟಿತನಕ್ಕೆ ಅವಳು ನುಂಗುವ ಮಾತ್ರೆಗಳೂ ಕುಡಿತವೂ ಸಾಕು. ಸರಣಿಗೆ ಅಷ್ಟು ಸಾಲಲಿಲ್ಲ. ಅವಳು ‘ಮೊದಲಿಗಳು’ ಆಗಲೇಬೇಕಿತ್ತು, ಅದಕ್ಕೆ ಮೊದಲೇ ಇದ್ದವರು ಪ್ರೇಕ್ಷಕರ ಸಾಲಿಗೆ ಹೋಗಬೇಕಾಯಿತು.

ಹಾಗೆಂದು ಇವರು ಅಸಡ್ಡೆಯಿಂದ ಕೆಲಸ ಮಾಡಿದವರೂ ಅಲ್ಲ. ಹಲಗೆಯ ಮೇಲೆ ಒಂದು ನಡೆಯೂ ತಪ್ಪಬಾರದೆಂದು ಕಾಸ್ಪರೋವ್ ಅವರನ್ನೇ ಸಲಹೆಗಾರರಾಗಿ ಇಟ್ಟುಕೊಂಡಿದ್ದರು. ಬೆತ್ ಗೆಲ್ಲುವ ಕೊನೆಯ ಆಟಕ್ಕೆ ಆಧಾರ 1993ರಲ್ಲಿ ಬೀಲ್ ನಗರದಲ್ಲಿ ಇವಾಂಚುಕ್ ಮತ್ತು ವುಲ್ಫ್ ಆಡಿದ ಆಟ. ಅದು ಡ್ರಾ ಆಗಿತ್ತು, ಇಲ್ಲಿ ಗೆಲುವಾಗಿದೆ. ಈ ಬದಲಾವಣೆಯ ಬಗ್ಗೆ ನನಗೆ ತಕರಾರಿಲ್ಲ. ಅದರಿಂದ ಇವಾಂಚುಕ್ ಅವರಾಗಲಿ ವುಲ್ಫ್ ಅವರಾಗಲಿ ಕಳೆದುಕೊಂಡದ್ದು ಏನೂ ಇಲ್ಲ. ನೋನಾ ಅವರಿಂದ ಮಾತ್ರ ಜೀವಮಾನದ ಕೆಲಸವನ್ನೇ ಕಿತ್ತುಕೊಂಡು ಬೆತ್‌ಗೆ ತೊಡಿಸಿದಂತಾಗಿದೆ.

ನೆಟ್‌ಫ್ಲಿಕ್ಸ್ ವಾಕ್ ಸ್ವಾತಂತ್ರ್ಯದ ಮಾತಾಡಿತು. ಕಾಲ್ಪನಿಕ ಕೃತಿ ಎಂದ ಮಾತ್ರಕ್ಕೆ ಮಾನಹಾನಿಯ ಹೊಣೆ ತಪ್ಪುವುದಿಲ್ಲ ಎಂದು ನ್ಯಾಯಾಧೀಶರು 2022ರ ಜನವರಿಯಲ್ಲಿ ಹೇಳಿದರು. ಅದೇ ಸೆಪ್ಟೆಂಬರಿನಲ್ಲಿ ರಾಜಿಯಾಯಿತು. ಕಾದಂಬರಿಯನ್ನೂ ಸರಣಿಯನ್ನೂ ಪಕ್ಕಪಕ್ಕ ಇಟ್ಟು ನೋಡುವ ಆ ದೂರು, ಸರಣಿಯ ಬಗ್ಗೆ ನಾನು ಓದಿದ ಒಳ್ಳೆಯ ವಿಮರ್ಶೆಗಳಲ್ಲಿ ಒಂದು. ನಮ್ಮಂಥವರು ಮಾಡಬೇಕಿದ್ದ ಕೆಲಸವನ್ನು ಎಂಬತ್ತು ವರ್ಷದ ಆಟಗಾರ್ತಿ ವಕೀಲರ ಕೈಯಲ್ಲಿ ಮಾಡಿಸಿದರು.

ನನಗೆ ಇದು ಚುಚ್ಚಲು ಕಾರಣವಿದೆ. ನನ್ನ ಸಂಶೋಧನೆ ಚಾರಿತ್ರಿಕ ಕಾದಂಬರಿಗಳ ಮೇಲಿನದು. ಕಾದಂಬರಿಕಾರರನ್ನು ಇತಿಹಾಸದ ಲೆಕ್ಕ ಕೇಳುವಂತಿಲ್ಲ ಎಂದು ಒಂದಿಡೀ ಅಧ್ಯಾಯವನ್ನು ಬಹಳ ಧೈರ್ಯದಿಂದ ಬರೆದಿದ್ದೆ. ಅದನ್ನು ತಿದ್ದಬೇಕು ಎಂದಾಗ ಮಾರ್ಗದರ್ಶಕರು, “ಹಾಗಾದ್ರೆ ‘ದುರ್ಗಾಸ್ತಮಾನ’ ಬರೆದಿದ್ದಕ್ಕೆ ತ.ರಾ.ಸು. ಅವರನ್ನೂ ಕೋರ್ಟಿಗೆ ಎಳೀತೀಯೇನಮ್ಮ?” ಎಂದು ಕೇಳಿದರು.

“ಮದಕರಿ ನಾಯಕ ಟೀವಿ ಮುಂದೆ ಕೂತಿಲ್ಲ ಸರ್” ಎಂದೆ. ಅವರು ನಕ್ಕರು. ಅಧ್ಯಾಯವನ್ನು ಮುಂದಿನ ತಿಂಗಳು ಕೊಡಬೇಕು.